ಕಾರಿನ ಹೊರಫಲಕಗಳ ಸಂದು

ಕಾರಿನ ಬಾನೆಟ್, ಬಾಗಿಲು, ಮಡ್‌ಗಾರ್ಡ್, ಬಂಪರ್ ಮತ್ತು ಡಿಕ್ಕಿಯ ಮುಚ್ಚಳ ಒಂದಕ್ಕೊಂದು ಕೂಡುವಲ್ಲಿ ಉಳಿಯುವ ಕಿರಿದಾದ ತೆರಪನ್ನು ಹೊರಫಲಕಗಳ ಸಂದು ಎನ್ನುತ್ತಾರೆ. ಸಂದು ಇರುವುದು ದೋಷವಲ್ಲ. ಅದರ ಅಗಲ ಒಂದು ತುದಿಯಿಂದ ಇನ್ನೊಂದು ತುದಿಗೆ ಬದಲಾದರೆ, ಅಥವಾ ಎಡಬದಿಯ ಸಂದಿಗೂ ಬಲಬದಿಯ ಸಂದಿಗೂ ವ್ಯತ್ಯಾಸ ಕಂಡರೆ, ಅದಕ್ಕೆ ಕಾರಣ ತಯಾರಿಕೆಯ ಕೊರತೆ ಇರಬಹುದು ಇಲ್ಲವೆ ಹಿಂದೆ ನಡೆದ ಅಪಘಾತ ಇರಬಹುದು. ಆದುದರಿಂದ ಹಳೆಯ ಕಾರನ್ನು ಕೊಳ್ಳುವವರಿಗೆ ಸಂದುಗಳ ವೀಕ್ಷಣೆ ಅಂದದ ವಿಚಾರ ಮಾತ್ರವಲ್ಲ, ಸುರಕ್ಷತೆಯ ವಿಚಾರವೂ ಆಗಿದೆ.

ಸಂದಿನ ಅಗತ್ಯ

ಬಾಗಿಲು ಮತ್ತು ಬಾನೆಟ್ ತೆರೆದು ಮುಚ್ಚುವಾಗ ಪಕ್ಕದ ಫಲಕಕ್ಕೆ ತಾಗಬಾರದು. ಬಿಸಿಲಿಗೆ ಲೋಹವೂ ಪ್ಲಾಸ್ಟಿಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಕಾರು ಓಡುವಾಗ ಅದರ ಒಡಲು ಅಲ್ಪಸ್ವಲ್ಪ ತಿರುಚುತ್ತದೆ. ಈ ಕಾರಣಗಳಿಂದ ತೆರಪು ಬಿಡುವುದು ಅನಿವಾರ್ಯ. ಇಂದಿನ ಸಾಮಾನ್ಯ ಕಾರುಗಳಲ್ಲಿ ಇದು ಸುಮಾರು 3ರಿಂದ 5 ಮಿ.ಮೀ. ಇರುತ್ತದೆ. ಅಗಲದ ಜೊತೆಗೆ ಎರಡು ಫಲಕಗಳ ಮೇಲ್ಮೈ ಒಂದೇ ಮಟ್ಟದಲ್ಲಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಬಾಗಿಲು ಸರಿಯಾಗಿ ಕೂಡದಿದ್ದರೆ ಅಂಚಿನ ರಬ್ಬರ್ ಪಟ್ಟಿ ಬಿಗಿಯಾಗಿ ಒತ್ತದೆ ಗಾಳಿಯ ಸದ್ದು ಕೇಳಿಸುತ್ತದೆ, ಮಳೆನೀರು ಒಳನುಗ್ಗಿ ಕ್ರಮೇಣ ತುಕ್ಕು ಹಿಡಿಯುತ್ತದೆ.

ಜೋಡಣೆಯ ವಿಧಗಳು

ಕಾರಿನ ಹೊರಭಾಗಗಳಲ್ಲಿ ಎರಡು ಬಗೆಗಳಿವೆ. ಬಾನೆಟ್, ಮುಂದಿನ ಮಡ್‌ಗಾರ್ಡ್, ಬಾಗಿಲು ಮತ್ತು ಡಿಕ್ಕಿಯ ಮುಚ್ಚಳಗಳನ್ನು ಸಾಮಾನ್ಯವಾಗಿ ಬೋಲ್ಟುಗಳಿಂದ ಕೂಡಿಸಿರುತ್ತಾರೆ. ಬೋಲ್ಟುಗಳನ್ನು ಸಡಿಲಿಸಿ ಇವುಗಳನ್ನು ತುಸು ಸರಿಸಬಹುದು. ಚಾವಣಿ, ಬಾಗಿಲುಗಳ ನಡುವಿನ ಕಂಬ ಮತ್ತು ಹಿಂಬದಿಯ ಪಕ್ಕೆಗಳು ಒಡಲಿಗೆ ಬೆಸುಗೆಯಾಗಿರುತ್ತವೆ. ಬಹುಪಾಲು ಆಧುನಿಕ ಕಾರುಗಳಿಗೆ ಪ್ರತ್ಯೇಕ ಷಾಸಿ ಇರುವುದಿಲ್ಲ, ಬೆಸೆದ ಒಡಲೇ ಭಾರವನ್ನು ಹೊರುತ್ತದೆ. ಡಿಕ್ಕಿ ಹೊಡೆದಾಗ ಮುಂಭಾಗ ಮತ್ತು ಹಿಂಭಾಗ ಮುದುಡಿ ಆಘಾತವನ್ನು ಹೀರಿಕೊಳ್ಳುವಂತೆ ಅದನ್ನು ರೂಪಿಸಿರುತ್ತಾರೆ. ಒಮ್ಮೆ ಮುದುಡಿದ ಭಾಗವನ್ನು ಬಡಿದು ನೇರಗೊಳಿಸಿ ಬಣ್ಣ ಬಳಿದರೆ ನೋಟ ಸರಿಹೋಗಬಹುದು. ಆದರೆ ಮುಂದಿನ ಅಪಘಾತದಲ್ಲಿ ಅದು ಮೊದಲಿನಂತೆ ರಕ್ಷಣೆ ನೀಡುವುದೆಂಬ ಭರವಸೆ ಇರುವುದಿಲ್ಲ.

ಹಿನ್ನೆಲೆ

ಕೂಡಿಕೆಯನ್ನು ನೋಡಿ ಕೆಲಸದ ಮಟ್ಟವನ್ನು ಅಳೆಯುವ ರೂಢಿ ಕಾರುಗಳಿಗಿಂತ ಹಳೆಯದು. ಚೌಕಟ್ಟಿಗೆ ಕದ ಹೊಂದುವ ಬಗೆಯಲ್ಲಿ ಬಡಗಿಯ ಕೈಗುಣ ತಿಳಿಯುತ್ತದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲಾಕೃತಿಯ ಭುವನೇಶ್ವರಿಯಲ್ಲಿ ಕಲ್ಲಿಗೆ ಕಲ್ಲು ಹೊಂದಿಕೊಂಡಿರುವ ರೀತಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ನಿಖರತೆಗೆ ನಿದರ್ಶನವಾಗಿದೆ.

ಭಾರತದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನಲ್ಲಿ ಅಗಲವಾದ, ಅಸಮವಾದ ಸಂದುಗಳು ಸಾಮಾನ್ಯವಾಗಿದ್ದವು. 1983ರಲ್ಲಿ ಮಾರುತಿ 800 ಬಂದ ಮೇಲೆ ಗ್ರಾಹಕರ ನಿರೀಕ್ಷೆ ಬದಲಾಗತೊಡಗಿತು. 1990ರ ದಶಕದ ಆರಂಭದಲ್ಲಿ ಟೊಯೋಟಾ ಸಂಸ್ಥೆಯು ತನ್ನ ಲೆಕ್ಸಸ್ ಕಾರಿನ ಸಂದುಗಳ ಗುಂಟ ಲೋಹದ ಗುಂಡೊಂದು ಉರುಳುವ ಜಾಹೀರಾತನ್ನು ಅಮೆರಿಕದಲ್ಲಿ ಪ್ರಸಾರ ಮಾಡಿ, ಏಕರೂಪದ ಸಂದನ್ನೇ ಗುಣಮಟ್ಟದ ಗುರುತಾಗಿ ಮುಂದಿಟ್ಟಿತು. ಇದೇ ಸಂಸ್ಥೆಯ ಪಾಲುದಾರಿಕೆಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಬಿಡದಿಯಲ್ಲಿ ಕಾರುಗಳನ್ನು ತಯಾರಿಸುತ್ತದೆ. 2001ರಲ್ಲಿ ಮಾರುಕಟ್ಟೆಗೆ ಬಂದ ಬೆಂಗಳೂರಿನ ರೇವಾ ವಿದ್ಯುತ್ ಕಾರು ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಫಲಕಗಳನ್ನು ಕೂಡಿಸಲಾಗಿತ್ತು.

ಹಳೆಯ ಕಾರಿನ ಪರೀಕ್ಷೆ

ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕು.

* ಬಾನೆಟ್ಟಿನ ಎಡ ಮತ್ತು ಬಲ ಸಂದುಗಳನ್ನು ಹೋಲಿಸಬೇಕು. ಒಂದೇ ಬಗೆಯ ನಾಣ್ಯಗಳನ್ನು ಜೋಡಿಸಿ ಎರಡೂ ಕಡೆ ತೂರಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.
* ಬಾಗಿಲನ್ನು ಮೆಲ್ಲಗೆ ಮುಚ್ಚಬೇಕು. ಮೇಲಕ್ಕೆತ್ತಿ ಮುಚ್ಚಬೇಕಾಗಿ ಬಂದರೆ ತಿರುಗಣಿ ಸವೆದಿದೆ ಅಥವಾ ಕಂಬ ಸರಿದಿದೆ ಎಂದು ಊಹಿಸಬಹುದು.
* ಬೋಲ್ಟುಗಳ ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಆ ಭಾಗವನ್ನು ಒಮ್ಮೆ ಬಿಚ್ಚಿರುವ ಸಾಧ್ಯತೆ ಇದೆ.
* ಬಾಗಿಲಂಚಿನ ರಬ್ಬರನ್ನು ಸರಿಸಿದರೆ ಕಾರ್ಖಾನೆಯ ಬೆಸುಗೆಯ ದುಂಡು ಗುರುತುಗಳು ಸಾಲಾಗಿ ಕಾಣುತ್ತವೆ. ಒಂದೆಡೆ ಮಾತ್ರ ಅವು ಮಾಯವಾಗಿದ್ದರೆ ಕತ್ತರಿಸಿ ಬೆಸೆದಿರಬಹುದು.
* ಉಕ್ಕಿನ ಫಲಕದ ಮೇಲೆ ಅಯಸ್ಕಾಂತ ಎಲ್ಲೆಡೆ ಒಂದೇ ಸಮನೆ ಹಿಡಿಯಬೇಕು. ದಪ್ಪ ಪುಟ್ಟಿ ತುಂಬಿದಲ್ಲಿ ಹಿಡಿತ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಫಲಕಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ದಾಖಲೆಗಳು ಹೇಳದ ಸಂಗತಿ

ಹಾನಗಲ್ಲ, ಶಿಗ್ಗಾವಿ ಮತ್ತು ಸವಣೂರು ತಾಲ್ಲೂಕುಗಳನ್ನೊಳಗೊಂಡ ಹಾವೇರಿ ಭಾಗದ ವಾಹನಗಳಿಗೆ ಕೆಎ-27 ಸರಣಿಯ ಸಂಖ್ಯೆ ನೀಡಲಾಗುತ್ತದೆ. ರಾಜ್ಯದೊಳಗೆ ಮಾಲೀಕರು ಬದಲಾದರೂ ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ಹೀಗಾಗಿ ಕೆಎ-27 ಎಂಬ ಫಲಕವಿದ್ದ ಮಾತ್ರಕ್ಕೆ ಆ ಕಾರು ಈ ಭಾಗದಲ್ಲಿಯೇ ಓಡಿತ್ತು ಎನ್ನಲಾಗದು. ನೋಂದಣಿ ಪ್ರಮಾಣಪತ್ರದಲ್ಲಿ ಎಂಜಿನ್ ಮತ್ತು ಷಾಸಿ ಸಂಖ್ಯೆ, ತಯಾರಿಕೆಯ ಕಾಲ ಹಾಗೂ ಮಾಲೀಕರ ವಿವರ ಇರುತ್ತವೆ, ಅಪಘಾತದ ದುರಸ್ತಿಯ ವಿವರ ಇರುವುದಿಲ್ಲ. ಮಾಲೀಕತ್ವ ವರ್ಗಾವಣೆಗೆ ಸಲ್ಲಿಸುವ ನಮೂನೆ 29 ಮತ್ತು 30ರಲ್ಲಿಯೂ ಅದನ್ನು ಕೇಳುವುದಿಲ್ಲ. ವಿಮಾ ಪತ್ರದಲ್ಲಿ ಮಾತ್ರ ಒಂದು ಸುಳಿವು ಸಿಗುತ್ತದೆ. ಪರಿಹಾರ ಕೇಳದ ವರ್ಷಗಳಿಗೆ ದೊರೆಯುವ ರಿಯಾಯಿತಿ ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ ಐದು ವರ್ಷಗಳ ಬಳಿಕ ಶೇ. 50 ತಲುಪುತ್ತದೆ. ಅದು ಇದ್ದಕ್ಕಿದ್ದಂತೆ ಶೂನ್ಯಕ್ಕೆ ಇಳಿದಿದ್ದರೆ ಕಾರಣ ವಿಚಾರಿಸುವುದು ಒಳಿತು. ಸ್ವಂತ ಖರ್ಚಿನಲ್ಲಿ ಮಾಡಿಸಿದ ದುರಸ್ತಿ ಇಲ್ಲಿಯೂ ಕಾಣಿಸದು. ಅಂಥ ಸಂದರ್ಭದಲ್ಲಿ ಕಾರಿನ ಒಡಲೇ ಸಾಕ್ಷಿಯಾಗುತ್ತದೆ.

ಮಿತಿಗಳು

ಅಸಮ ಸಂದು ಕಂಡೊಡನೆ ಅಪಘಾತವಾಗಿದೆಯೆಂದು ತೀರ್ಮಾನಿಸಬಾರದು. ಹೊಸ ಕಾರುಗಳಲ್ಲಿಯೂ ಇಂಥ ಕೊರತೆ ಇರುವುದುಂಟು. 2018ರಲ್ಲಿ ಅಮೆರಿಕದ ತಜ್ಞ ಸ್ಯಾಂಡಿ ಮನ್ರೋ ಟೆಸ್ಲಾ ಮಾಡೆಲ್ 3 ಕಾರಿನ ಸಂದುಗಳನ್ನು ಕಟುವಾಗಿ ಟೀಕಿಸಿದ್ದರು. ಹಾಗೆಯೇ ನುರಿತ ಕೆಲಸಗಾರನು ಒಳಗಿನ ಹಾನಿಯನ್ನು ಹಾಗೆಯೇ ಬಿಟ್ಟು ಸಂದುಗಳನ್ನು ಸಮಗೊಳಿಸಬಲ್ಲನು. ಬೋಲ್ಟಿನ ಫಲಕದ ವ್ಯತ್ಯಾಸವನ್ನು ಗ್ಯಾರೇಜಿನಲ್ಲಿ ಸುಲಭವಾಗಿ ಸರಿಪಡಿಸಬಹುದು. ಕಂಬ, ಚಾವಣಿ ಅಥವಾ ಹಿಂಬದಿಯ ಪಕ್ಕೆಯ ಸುತ್ತ ವ್ಯತ್ಯಾಸ ಕಂಡರೆ, ಹಣ ಕೊಡುವ ಮೊದಲು ಕಾರನ್ನು ಲಿಫ್ಟಿಗೇರಿಸಿ ಅಡಿಭಾಗವನ್ನು ಅನುಭವಿ ಮೆಕ್ಯಾನಿಕ್‌ನಿಂದ ಪರೀಕ್ಷಿಸುವುದು ಅವಶ್ಯಕ.