ಹವಳಗಳ ಹುಣ್ಣಿಮೆ: ಕಾದು ಕುಳಿತವರಿಗೆ ಮಾತ್ರ ಕಂಡ ಸಮುದ್ರದ ಗುಟ್ಟು

ಹುಣ್ಣಿಮೆ ಕಳೆದು ನಾಲ್ಕೈದು ದಿನಗಳಾಗಿರುತ್ತವೆ. ಕತ್ತಲಾವರಿಸಿದ ಕೆಲ ಹೊತ್ತಿನಲ್ಲೇ ಹವಳದ ದಿಬ್ಬಗಳಿಂದ ಗುಲಾಬಿ ಬಣ್ಣದ ಪುಟ್ಟ ಗುಂಡುಗಳು ಅಸಂಖ್ಯ ಪ್ರಮಾಣದಲ್ಲಿ ನೀರಿನ ಮೇಲಕ್ಕೇರತೊಡಗುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಲ್ಲಿನ ವಸಂತದ ಕೊನೆಗೆ ನಡೆಯುವ ಈ ಸಾಮೂಹಿಕ ಸಂತಾನೋತ್ಪತ್ತಿ 1980ರ ದಶಕದ ಆರಂಭದವರೆಗೂ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ.

ಕಲ್ಲಿನಂತೆ ಕಂಡರೂ ಹವಳ ಒಂದು ಜೀವಿ. ಬಹುತೇಕ ಹವಳಗಳು ಮರಿಗಳನ್ನು ಒಡಲಲ್ಲೇ ಬೆಳೆಸಿ ಹೊರಬಿಡುತ್ತವೆ ಎಂಬುದು ಅದುವರೆಗಿನ ನಂಬಿಕೆಯಾಗಿತ್ತು. ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಯುವ ಸಂಶೋಧಕರು ಸಮೀಪದ ಮ್ಯಾಗ್ನೆಟಿಕ್ ದ್ವೀಪವೂ ಸೇರಿದಂತೆ ಹಲವೆಡೆ ರಾತ್ರಿ ವೇಳೆ ನೀರಿಗಿಳಿದು ಈ ನಂಬಿಕೆಯನ್ನು ಅಳಿಸಿಹಾಕಿದರು. 1981 ಮತ್ತು 1982ರಲ್ಲಿ 32 ಪ್ರಭೇದಗಳು ಹುಣ್ಣಿಮೆಯ ನಂತರದ ಕೆಲವೇ ರಾತ್ರಿಗಳಲ್ಲಿ ಒಟ್ಟಾಗಿ ಸಂತಾನೋತ್ಪತ್ತಿ ನಡೆಸಿದ್ದನ್ನು ಪೀಟರ್ ಹ್ಯಾರಿಸನ್ ಮತ್ತು ಸಂಗಡಿಗರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಒಟ್ಟಿಗೇ ಏಕೆ?

ಹವಳಕ್ಕೆ ಸಂಗಾತಿಯನ್ನು ಅರಸಿ ಹೋಗುವ ಶಕ್ತಿಯಿಲ್ಲ. ಒಂಟಿಯಾಗಿ ಬಿಟ್ಟ ವೀರ್ಯಾಣು ಕಡಲಿನಲ್ಲಿ ಚದುರಿ ವ್ಯರ್ಥವಾಗುತ್ತದೆ. ಎಲ್ಲವೂ ಏಕಕಾಲಕ್ಕೆ ಬಿಟ್ಟರೆ ಗರ್ಭಾಂಕುರದ ಸಾಧ್ಯತೆ ಹೆಚ್ಚು. ಮೀನುಗಳು ಹೊಟ್ಟೆ ತುಂಬ ತಿಂದರೂ ಸಾಕಷ್ಟು ಉಳಿಯುತ್ತವೆ. ನೀರು ಬೆಚ್ಚಗಾಗುವುದು ತಿಂಗಳನ್ನು, ಚಂದ್ರ ದಿನವನ್ನು, ಸೂರ್ಯಾಸ್ತದ ನಂತರದ ಕತ್ತಲು ಗಳಿಗೆಯನ್ನು ಸೂಚಿಸುತ್ತವೆ. ಪ್ರತಿ ಗುಂಡಿನಲ್ಲಿ ಮೊಟ್ಟೆ, ವೀರ್ಯಾಣು ಎರಡೂ ಇರುತ್ತವೆ. ಮೊಟ್ಟೆಯ ಕೊಬ್ಬಿನಿಂದಾಗಿ ತೇಲುವ ಗುಂಡು ಮೇಲ್ಮೈಯಲ್ಲಿ ಒಡೆಯುತ್ತದೆ. ಹುಟ್ಟಿದ ಲಾರ್ವಾಗಳು ಕೆಲ ದಿನ ತೇಲಾಡಿ ತಳ ಸೇರಿ ಹೊಸ ಹವಳವಾಗುತ್ತವೆ.

ಬರಿದಾಗುತ್ತಿರುವ ತೊಟ್ಟಿಲು

ಈ ಸರಪಳಿ ಈಗ ಸಡಿಲಗೊಂಡಿದೆ. 2016 ಮತ್ತು 2017ರಲ್ಲಿ ಕಡಲು ವಿಪರೀತ ಬಿಸಿಯಾಗಿ ಅಪಾರ ಪ್ರಮಾಣದ ಹವಳಗಳು ಬಿಳಿಚಿ ಸತ್ತವು. ತಾಯಿಹವಳಗಳೇ ಇಲ್ಲವಾದ ಪರಿಣಾಮ, 2018ರಲ್ಲಿ ಹೊಸದಾಗಿ ನೆಲೆಯೂರಿದ ಮರಿಹವಳಗಳ ಸಂಖ್ಯೆ ಹಿಂದಿನ ವರ್ಷಗಳಿಗಿಂತ ಶೇ 89ರಷ್ಟು ಕುಸಿದಿತ್ತು ಎಂದು ಟೆರಿ ಹ್ಯೂಸ್ ನೇತೃತ್ವದ ಅಧ್ಯಯನ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿತು. 2020, 2022 ಮತ್ತು 2024ರಲ್ಲೂ ಹವಳಗಳು ವ್ಯಾಪಕವಾಗಿ ಬಿಳಿಚಿದವು.

ಆದ್ದರಿಂದಲೇ ಸಂಶೋಧಕರ ರಾತ್ರಿಯ ಪಯಣಗಳ ಉದ್ದೇಶವೂ ಬದಲಾಗಿದೆ. ಹ್ಯಾರಿಸನ್ ತಂಡ 2016ರ ನವೆಂಬರ್‌ನಲ್ಲಿ ಹೆರಾನ್ ದ್ವೀಪದಲ್ಲಿ ಮೊಟ್ಟೆ-ವೀರ್ಯಾಣುಗಳನ್ನು ಸಂಗ್ರಹಿಸಿ, ಲಾರ್ವಾಗಳನ್ನು ಬೆಳೆಸಿ ದಿಬ್ಬದ ಮೇಲೆ ಬಿಟ್ಟಿತು. ಹಾನಿಗೊಂಡ ದಿಬ್ಬಗಳಿಗೆ ಮತ್ತೆ ಬೀಜ ಬಿತ್ತುವ ಪ್ರಯತ್ನವಿದು. ಆದರೆ ಸಂಗ್ರಹಕ್ಕೆ ದೊರೆಯುವುದು ವರ್ಷದಲ್ಲಿ ಕೆಲವೇ ರಾತ್ರಿಗಳು. ಬಿರುಗಾಳಿ ಬೀಸಿ ಆ ರಾತ್ರಿಗಳು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಬಿಸಿಯೇರುತ್ತಿರುವ ಕಡಲು ಮಾತ್ರ ಅಷ್ಟು ಕಾಯುವುದಿಲ್ಲ.