ಬಿಗಿ ಮಾಡುವ ಮೊದಲು

ರೈಫಲ್‌ನ ಮರದ ಭಾಗದಲ್ಲಿ ಏನಾದರೂ ಅಲುಗಾಡಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಸೈನ್ಯದ ಉಪಕರಣ ರಿಪೇರಿ ವಿಭಾಗವಾದ ಇಎಂಇ ವರ್ಕ್‌ಶಾಪ್‌ನಲ್ಲಿ ಆರ್ಮರರ್ ಆಗಿ, ಅಂದರೆ ಬಂದೂಕು ರಿಪೇರಿ ಮಾಡುವವನಾಗಿ ನಾನು ಸೇರಿದಾಗ ಉಸ್ತಾದರು ಹೇಳಿಕೊಟ್ಟ ಮೊದಲ ಪಾಠವೇ ಬೇರೆ: ಯಾಕೆ ಸಡಿಲವಾಯಿತು ಎಂದು ಗೊತ್ತಾಗುವವರೆಗೆ ಬಿಗಿ ಮಾಡಬೇಡ. ನಿವೃತ್ತನಾಗಿ ನೋಯ್ಡಾದಲ್ಲಿ ನೆಲೆಸಿದ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಈಗ ನನ್ನ ಬಳಿ ಬರುವವರು ಸಿಪಾಯಿಗಳಲ್ಲ, ಏರ್ ರೈಫಲ್ ಹಿಡಿದ ಶಾಲಾ ಮಕ್ಕಳು. ಅವರಿಗೂ ಅವರ ತಂದೆತಾಯಿಗೂ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಿಲ್ಲಿಯ ತುಘಲಕಾಬಾದ್‌ನಲ್ಲಿ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಇದೆ. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ್ದು, 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನವೀಕರಿಸಿದ್ದು. ರಾಷ್ಟ್ರೀಯ ತಂಡದ ಆಯ್ಕೆ ಟ್ರಯಲ್ಸ್ ಇಲ್ಲಿ ನಡೆಯುವಾಗ ಕರ್ನಾಟಕದ ಮಕ್ಕಳೂ ಬರುತ್ತಾರೆ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಕೈರೋ ವಿಶ್ವಕಪ್‌ನಲ್ಲಿ, ನಮ್ಮ ಮೇಘನಾ ಸಜ್ಜನರ್ 2025ರ ನಿಂಗ್ಬೋ ವಿಶ್ವಕಪ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಂಚು ಗೆದ್ದವರು. ಅವರ ದಾರಿಯಲ್ಲೇ ಹೋಗಬೇಕೆಂದು ರೈಫಲ್ ಪೆಟ್ಟಿಗೆ ಹೊತ್ತು ಬರುವ ಎಳೆಯರು ಇವರು. ಕನ್ನಡ ಕೇಳಿದರೆ ನನ್ನ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಮೇ ತಿಂಗಳಲ್ಲಿ ಅವರಿಂದ ನಾನು ಕೇಳುವ ದೂರು ಬಹುಮಟ್ಟಿಗೆ ಒಂದೇ:

"ಅಂಕಲ್, ಬೆಂಗಳೂರಲ್ಲಿ ಸರಿಯಾಗೇ ಇತ್ತು. ಇಲ್ಲಿಗೆ ಬಂದ್ಮೇಲೆ ಬಟ್ ಪ್ಲೇಟ್ ಅಲ್ಲಾಡ್ತಿದೆ."

"ನೀನು ಬಿಗಿ ಮಾಡಿದ್ಯಾ ಮಗಳೇ?"

"ಹೂಂ, ಎರಡು ಸಲ. ಮತ್ತೆ ಸಡಿಲ ಆಗುತ್ತೆ."

ಹುಡುಗಿಯದೂ ತಪ್ಪಿಲ್ಲ, ಸ್ಕ್ರೂವಿನದೂ ತಪ್ಪಿಲ್ಲ. ಆಗಸ್ಟ್‌ನ ಮಳೆಗಾಲದಲ್ಲಿ ದಿಲ್ಲಿಯ ಗಾಳಿಯ ಆರ್ದ್ರತೆ ಶೇ 80 ದಾಟುತ್ತದೆ. ಮೇ ತಿಂಗಳಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಮಧ್ಯಾಹ್ನ ಶೇ 20ಕ್ಕಿಂತ ಕೆಳಗೆ ಇಳಿಯುತ್ತದೆ. ಮರ ಎಷ್ಟು ಹಳೆಯದಾದರೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ; ಅಡ್ಡಕ್ಕೆ ಸಾಕಷ್ಟು. ಐವತ್ತು ಮಿಲಿಮೀಟರ್ ಅಗಲದ ವಾಲ್‌ನಟ್ ತುಂಡಿನ ತೇವಾಂಶ ಶೇ 4ರಷ್ಟು ಇಳಿದರೆ ಅಡ್ಡಳತೆ ಸುಮಾರು ಅರ್ಧ ಮಿಲಿಮೀಟರ್ ಕುಗ್ಗಬಹುದು. ಲೋಹದ ಸ್ಕ್ರೂ ಹಾಗೆ ಕುಗ್ಗುವುದಿಲ್ಲ. ಅವೆರಡರ ನಡುವೆ ಹುಟ್ಟುವ ಸಂದೇ ಈ ಅಲುಗಾಟ. ನಾನು ಹುಟ್ಟಿದ ಕೊಡಗಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬಕ್ಕೆ ತೋಕ್ ಪೂ ಎಂಬ ಹೂವಿಟ್ಟು ಕೋವಿ ಪೂಜಿಸುವ ಹೊತ್ತಿಗೆ, ಜಡಿಮಳೆಯ ತೇವ ಕುಡಿದ ಕೋವಿಯ ಮರ ಉಬ್ಬಿ ಲೋಹವನ್ನು ಒತ್ತಿ ಹಿಡಿದಿರುತ್ತದೆ.

ಇಷ್ಟು ಸಣ್ಣ ಸಂದು ಅಷ್ಟು ಮುಖ್ಯವೇ ಎಂದು ತಂದೆತಾಯಿ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಹತ್ತು ಮೀಟರ್ ಗುರಿಫಲಕದ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ಗುಂಡು 4.5 ಮಿಲಿಮೀಟರ್ ಸೀಸದ್ದು. ಒಂದು ಗುಂಡಿಗೆ ಗರಿಷ್ಠ ಅಂಕ 10.9, ಅರವತ್ತು ಗುಂಡುಗಳಿಗೆ 654. ಗುಂಡು ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯಿತು. ಗುರಿ ನೋಡುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ಸುಮಾರು ಎಪ್ಪತ್ತು ಸೆಂಟಿಮೀಟರ್ ಅಂತರ ಎಂದಿಟ್ಟುಕೊಂಡರೆ, ಅವುಗಳ ಜೋಡಣೆಯಲ್ಲಿ ಕೂದಲಿನ ಅರ್ಧ ದಪ್ಪದಷ್ಟು ವ್ಯತ್ಯಾಸವಾದರೂ ಗುಂಡು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಬಟ್ ಪ್ಲೇಟ್ ಭುಜಕ್ಕೆ ಕೂರುವ ಭಾಗ, ಚೀಕ್ ಪೀಸ್ ಕೆನ್ನೆ ಒರಗುವ ಭಾಗ. ಚೀಕ್ ಪೀಸ್ ಸ್ವಲ್ಪ ಕುಸಿದರೆ ಕಣ್ಣೂ ಕುಸಿಯುತ್ತದೆ. ಸೈಟ್‌ನ ರಂಧ್ರದಲ್ಲಿ ಎಲ್ಲ ಸರಿಯಾಗಿಯೇ ಕಂಡಂತಿರುತ್ತದೆ, ಗುಂಡು ಮಾತ್ರ ಬೇರೆಲ್ಲೋ ಬೀಳುತ್ತದೆ. ಮಗು ತನ್ನ ಉಸಿರನ್ನೋ ಟ್ರಿಗರ್ ಬೆರಳನ್ನೋ ದೂರುತ್ತಾ ಕೂರುತ್ತದೆ. ನನಗೆ ಸಂಕಟವಾಗುವುದು ಇದನ್ನು ನೋಡಿದಾಗಲೇ.

ಇನ್ನು ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ರೈಫಲ್ ಖಾಲಿ ಇದೆಯೇ ನೋಡಿ, ಗಾಳಿಯ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ, ನಳಿಗೆಯಲ್ಲಿ ಕಿತ್ತಳೆ ಬಣ್ಣದ ಸೇಫ್ಟಿ ಫ್ಲಾಗ್ ಹಾಕಿ. ಆಮೇಲೆ ಸಡಿಲವಾದ ಭಾಗ ಮರವನ್ನು ಸೇರುವಲ್ಲಿ ಪೆನ್ಸಿಲ್‌ನಿಂದ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಿರಿ. ಮೆಲ್ಲಗೆ ಅಲ್ಲಾಡಿಸಿ. ಗೆರೆ ಎಲ್ಲಿ ಮುರಿಯುತ್ತದೋ ಅಲ್ಲಿ ಚಲನೆ ಇದೆ. ಬಟ್ ಪ್ಲೇಟ್ ಸಡಿಲ ಎಂದುಕೊಂಡಿದ್ದು ಎಷ್ಟೋ ಸಲ ಅದರ ಹಿಂದಿನ ಹಳಿಯ ಸಡಿಲವಾಗಿರುತ್ತದೆ.

ಕಾರಣಗಳು ಸಾಮಾನ್ಯವಾಗಿ ಮೂರು. ಮೊದಲನೆಯದು, ಲೋಹಕ್ಕೆ ಲೋಹ ಕೂರುವ ಮರೆ, ಅಂದರೆ ಸ್ಕ್ರೂ, ಅದುರಾಟಕ್ಕೆ ಬಿಚ್ಚಿಕೊಂಡಿರುವುದು. ಈಚಿನ ಅಲ್ಯೂಮಿನಿಯಂ ರೈಫಲ್‌ಗಳಲ್ಲಿ ಹೆಚ್ಚಾಗಿ ಇದೇ. ಮರೆ ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ ಹಾಕಿ ಕೂರಿಸಿದರೆ ಮುಗಿಯಿತು. ಕೆಂಪು ಬಣ್ಣದ್ದು ಬೇಡ; ಅದನ್ನು ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಎರಡನೆಯದು, ಚೀಕ್ ಪೀಸ್ ಹೊತ್ತ ಕಂಬಿ ತನ್ನ ತೂತಿನಲ್ಲಿ ಸವೆದು ಜಾರುವುದು. ಇದಕ್ಕೆ ಖಾಲಿ ಕೂಲ್ ಡ್ರಿಂಕ್ ಡಬ್ಬಿ ಸಾಕು. ಅದರ ಗೋಡೆ ಒಂದು ಮಿಲಿಮೀಟರ್‌ನ ಹತ್ತನೆಯ ಒಂದು ಭಾಗದಷ್ಟು ತೆಳು. ಕತ್ತರಿಯಿಂದ ಕಿರಿದಾದ ಪಟ್ಟಿ ಕತ್ತರಿಸಿ, ಅಂಚಿನ ಹರಿತವನ್ನು ಮರಳು ಕಾಗದದಲ್ಲಿ ತೆಗೆದು, ಕಂಬಿಗೆ ಒಂದೇ ಸುತ್ತು ಸುತ್ತಿ ಒಳಗೆ ಇಳಿಸಿ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಬೇಡ, ಅದರ ಗುಣವೇ ಜಾರುವುದು. ಸೈಕಲ್ ಟ್ಯೂಬಿನ ರಬ್ಬರ್ ಕೂಡ ಬೇಡ, ಅದು ಒತ್ತಿದಷ್ಟೂ ಕುಗ್ಗಿ, ಬಿಟ್ಟಾಗ ಮೇಲೇಳುತ್ತದೆ. ಕೆನ್ನೆ ಪ್ರತಿ ಸಲವೂ ಬೇರೆ ಎತ್ತರದಲ್ಲಿ ನಿಲ್ಲುತ್ತದೆ.

ಮೂರನೆಯದೇ ನಿಜವಾದ ಮರಗೆಲಸ: ಸ್ಕ್ರೂ ಹಿಡಿಯಬೇಕಾದ ಮರವೇ ಸವೆದು ಹೋಗಿರುವುದು. ಮರದ ಎಳೆಗಳು ರೈಫಲ್ಲಿನ ಮರದ ಒಡಲಾದ ಸ್ಟಾಕ್‌ನ ಉದ್ದಕ್ಕೂ ಹರಿಯುತ್ತವೆ. ಬಟ್ ಪ್ಲೇಟ್ ಸ್ಕ್ರೂಗಳು ಹಿಂಬದಿಯಿಂದ ಆ ಎಳೆಗಳ ತುದಿಗೆ ಹೊಗುತ್ತವೆ. ಪೊರಕೆಯ ಕಟ್ಟಿನ ಬುಡಕ್ಕೆ ಮೊಳೆ ಹೊಡೆದ ಹಾಗೆ ಅದು. ಕಡ್ಡಿಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಹುಡುಗಿ ಎರಡು ಸಲ ಬಿಗಿ ಮಾಡಿದಾಗ ಆದದ್ದು ಇಷ್ಟೇ: ಸ್ಕ್ರೂ ತಿರುಗಿದಷ್ಟೂ ಉಳಿದ ಎಳೆಗಳೂ ಹರಿದವು.

ಇಲ್ಲಿ ದೇವರ ಮನೆಯ ಊದುಬತ್ತಿ ಕಡ್ಡಿ ಉಪಯೋಗಕ್ಕೆ ಬರುತ್ತದೆ. ಮಸಾಲೆ ಹಚ್ಚದ ಬರಿಯ ಬುಡ ಒಳ್ಳೆಯ ಬಿದಿರು. ಬಣ್ಣವಿದ್ದರೆ ಕೆರೆದು ತೆಗೆಯಿರಿ. ಬೆಂಕಿಕಡ್ಡಿ ಸುಲಭವಾಗಿ ಸಿಗುತ್ತದೆ, ಆದರೆ ಅದಕ್ಕೆ ಮೇಣ ಕುಡಿಸಿರುತ್ತಾರೆ, ಅಂಟು ಹಿಡಿಯುವುದಿಲ್ಲ. ಸ್ಕ್ರೂ ಹೊರತೆಗೆದಾಗ ಅದರ ಜೊತೆ ಏನು ಬಂತು ಗಮನಿಸಿ. ತಿಳಿ ಬಣ್ಣದ ಒಣ ಪುಡಿಯಾದರೆ ಮುಂದುವರಿಯಬಹುದು. ಕಪ್ಪು ಜಿಡ್ಡು ಬಂದರೆ ಹಳೆಯ ರೈಫಲ್‌ಗೆ ಬಳಿದ ಎಣ್ಣೆ ಒಳಗಿಳಿದಿದೆ ಎಂದರ್ಥ. ಥಿನ್ನರ್ ಅದ್ದಿದ ಹತ್ತಿಯಿಂದ ತೂತನ್ನು ಒರೆಸಿ ಒಂದು ದಿನ ಆರಲು ಬಿಡಿ. ಆಮೇಲೆ ಕಡ್ಡಿಗಳಿಗೆ ಫೆವಿಕಾಲ್ ಸವರಿ, ತೂತು ತುಂಬುವಷ್ಟು ಇಳಿಸಿ. ಸುತ್ತಿಗೆಯಿಂದ ಹೊಡೆದು ತುರುಕಬೇಡಿ, ಸ್ಟಾಕ್ ಸೀಳುತ್ತದೆ. ಬೇಸಿಗೆಯಲ್ಲಿ ಒಂದು ಪೂರ್ತಿ ದಿನ, ಮಳೆಗಾಲದಲ್ಲಿ ಎರಡು ದಿನ ಕಾಯಿರಿ. ಮೇಲೆದ್ದ ತುದಿಗಳನ್ನು ಬ್ಲೇಡಿನಿಂದ ಮಟ್ಟ ಮಾಡಿ, ಸ್ಕ್ರೂವಿನ ಒಳಗಂಬಿಯಷ್ಟೇ ದಪ್ಪದ ಬಿಟ್‌ನಿಂದ ತೂತು ಕೊರೆಯಿರಿ. ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿ ಕೈಯಿಂದಲೇ ತಿರುಗಿಸಿ. ಸೋಪು ಉಜ್ಜುವವರಿದ್ದಾರೆ, ಅದು ತೇವ ಎಳೆದು ತುಕ್ಕು ಹಿಡಿಸುತ್ತದೆ. ಇಷ್ಟಾದ ಮೇಲೂ ಮತ್ತೆ ಸಡಿಲವಾದರೆ ಕೀರ್ತಿನಗರದ ಒಳ್ಳೆಯ ಬಡಗಿಯಿಂದ ಗಟ್ಟಿ ಮರದ ಬೆಣೆ ಕೂರಿಸಿ, ಅಥವಾ ಚಾವ್ಡಿ ಬಜಾರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಕ್ರೂ ಕೂರಿಸುವ ಹಿತ್ತಾಳೆಯ ಮರೆಗೊಳವೆ ಹುಡುಕಿ ಹಾಕಿಸಿ.

ಎಂ-ಸೀಲ್ ಅಥವಾ ಅರಾಲ್ಡೈಟ್ ಸುರಿದು ಒಂದೇ ಏಟಿಗೆ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಬೆಳೆಯುವ ಮಗುವಿನ ರೈಫಲ್‌ಗೆ ಹಾಗೆ ಮಾಡಬೇಡಿ. ವರ್ಷದಿಂದ ವರ್ಷಕ್ಕೆ ಭುಜ ಅಗಲವಾಗುತ್ತದೆ, ಕುತ್ತಿಗೆ ಉದ್ದವಾಗುತ್ತದೆ. ಬಟ್ ಪ್ಲೇಟ್, ಚೀಕ್ ಪೀಸ್ ಎರಡನ್ನೂ ಸರಿಸಬೇಕಾಗುತ್ತದೆ. ಮನೆಯ ರಿಪೇರಿ ಎಂದರೆ ಮತ್ತೆ ಬಿಚ್ಚಲು ಬರುವ ರಿಪೇರಿ.

ಬಿಗಿ ಮಾಡುವುದರಲ್ಲಿರುವ ಅಪಾಯ ನನಗೆ ಅರ್ಥವಾದದ್ದು ಹಳೆಯ .303 ಲೀ ಎನ್‌ಫೀಲ್ಡ್ ಮೇಲೆ ಕೆಲಸ ಮಾಡುವಾಗ. ನೋಯ್ಡಾ, ಗಾಜಿಯಾಬಾದ್ ಸೇರಿದ ಉತ್ತರ ಪ್ರದೇಶದ ಪೊಲೀಸರು 2020ರ ಜನವರಿ 26ರಂದು ಬೀಳ್ಕೊಟ್ಟದ್ದು ಈ .303ಗಳನ್ನೇ. ಅದರ ಮರ ಎರಡು ತುಂಡು. ಹಿಂದಿನ ತುಂಡನ್ನು ಹಿಡಿದಿರುವುದು ಮರದ ಹೊಟ್ಟೆಯೊಳಗೆ ಹಾಯ್ದ ಒಂದು ಉದ್ದ ಬೋಲ್ಟ್. ನಂಬರ್ ಒನ್ ಮಾರ್ಕ್ ತ್ರೀ ಮಾದರಿಯಲ್ಲಿ ಆ ಬೋಲ್ಟಿನ ಚೌಕ ತುದಿ ಮುಂದಿನ ಮರದಲ್ಲಿರುವ ಒಂದು ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಬಿಚ್ಚದೆ ಹಿಂದಿನಿಂದ ಬೋಲ್ಟ್ ತಿರುಗಿಸಿದರೆ ಮುಂದಿನ ಮರ ಸೀಳುತ್ತದೆ. ಸಡಿಲ ಒಂದು ಕಡೆ, ಒಡೆಯುವುದು ಇನ್ನೊಂದು ಕಡೆ. ಉಸ್ತಾದರ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮನೆಯ ರಿಪೇರಿಗೆ ಒಂದು ಗಡಿಯಿದೆ, ಅದನ್ನು ದಾಟಬಾರದು. ಸಿಡಿಮದ್ದಿನ ಬಂದೂಕಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದರ ರಿಪೇರಿಯು ಲೈಸೆನ್ಸ್ ಪಡೆದವರ ಕಸುಬು. ಅದನ್ನು ಅವರ ಬಳಿಗೇ ಒಯ್ಯಬೇಕು. ಏರ್ ರೈಫಲ್‌ನಲ್ಲೂ ನಳಿಗೆ, ಟ್ರಿಗರ್, ವಾಲ್ವ್, 200 ಬಾರ್ ಒತ್ತಡದ ಸಿಲಿಂಡರ್ ಇವು ಮನೆಯ ಮೇಜಿನ ಮೇಲೆ ಬಿಚ್ಚುವಂಥವಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಭಾರತದ ಶೂಟರ್ ಮನು ಭಾಕರ್ ಅವರ ಪಿಸ್ತೂಲಿನ ಲಿವರ್ ಕೆಟ್ಟಾಗ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ಕೈತಪ್ಪಿತು. ಮುಂದೆ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದು ಆಕೆ ಎದ್ದು ನಿಂತರು. ಲಿವರ್ ಕೆಡುವಂಥ ತೊಂದರೆಗೆ ಊದುಬತ್ತಿ ಕಡ್ಡಿ ಔಷಧವಲ್ಲ. ಕಂಪನಿಯ ತಂತ್ರಜ್ಞರೇ ಬೇಕು. ಮರ, ಮರೆ, ಕೆನ್ನೆ, ಭುಜ, ಇಷ್ಟೇ ನಮ್ಮ ಕ್ಷೇತ್ರ.

ಸ್ಪರ್ಧೆಗೆ ಹೋಗುವವರು ಇನ್ನೂ ಎರಡು ಸಂಗತಿ ನೆನಪಿಡಬೇಕು. ಏರ್ ರೈಫಲ್‌ನ ಒಟ್ಟು ತೂಕ 5.5 ಕಿಲೋ ಮೀರಬಾರದು. ಬೆಣೆ, ಗೊಳವೆ ಹಾಕಿದ ಮೇಲೆ ಮತ್ತೆ ತೂಗಿ ನೋಡಿ. ಹಿಡಿಕೆಗೆ ಅಥವಾ ಸ್ಟಾಕ್‌ನ ಮುಂಭಾಗ, ಕೆಳಭಾಗಕ್ಕೆ ಹಿಡಿತ ಹೆಚ್ಚಿಸುವ ಯಾವ ವಸ್ತುವನ್ನೂ ಅಂಟಿಸಲು ನಿಯಮ ಬಿಡುವುದಿಲ್ಲ. ಏನು ರಿಪೇರಿ ಮಾಡಿದ್ದೀರೋ ಅದನ್ನು ಸ್ಪರ್ಧೆಗೆ ಮುಂಚೆಯೇ ಸಲಕರಣೆ ತಪಾಸಣೆಯವರಿಗೆ ತೋರಿಸಿಬಿಡಿ.

ಜರ್ಮನಿಯಿಂದ ಬರುವ ಒಂದು ವಾಲ್ಥರ್ ಅಥವಾ ಫೈನ್‌ವರ್ಕ್‌ಬೌ ರೈಫಲ್‌ಗಾಗಿ ಮಧ್ಯಮ ವರ್ಗದ ಮನೆಯವರು ವರ್ಷಗಟ್ಟಲೆ ಹಣ ಕೂಡಿಡುತ್ತಾರೆ. ಅಷ್ಟು ಮಾಡಿಯೂ ಬಹಳ ಮಕ್ಕಳಿಗೆ ಅದರ ಒಂದು ಮರೆ ಬಿಚ್ಚಲೂ ಅನುಮತಿ ಇರುವುದಿಲ್ಲ. ಕೆಟ್ಟುಹೋದೀತು ಎಂಬ ಭಯ. ಆ ಭಯವೇ ಮಗುವನ್ನು ದುರ್ಬಲಗೊಳಿಸುತ್ತದೆ. ತನ್ನ ರೈಫಲ್‌ನ ಪ್ರತಿ ಮರೆ ಎಲ್ಲಿ ಕೂರುತ್ತದೆ, ಎಷ್ಟು ಬಿಗಿಯಾಗಿರಬೇಕು, ಮೇ ತಿಂಗಳಲ್ಲಿ ಅದು ಹೇಗೆ ವರ್ತಿಸುತ್ತದೆ ಎಂದು ಬಲ್ಲ ಹುಡುಗಿ, ಗುಂಡು ಎಂಟಕ್ಕೆ ಬಿದ್ದಾಗ ಗಾಬರಿಯಾಗುವುದಿಲ್ಲ. ಪೆನ್ಸಿಲ್ ಗೆರೆ ನೋಡುತ್ತಾಳೆ, ಕಾರಣ ಹುಡುಕುತ್ತಾಳೆ, ಮುಂದಿನ ಗುಂಡಿಗೆ ಸಿದ್ಧಳಾಗುತ್ತಾಳೆ. ಆದ್ದರಿಂದ ತರಬೇತುದಾರರಲ್ಲಿ, ತಂದೆತಾಯಿಯಲ್ಲಿ ನನ್ನ ಕೋರಿಕೆ ಇದು: ಮಗುವಿಗೆ ರೈಫಲ್ ಕೊಡುವ ದಿನವೇ ಅದರ ಅಲೆನ್ ಕೀ ಕಟ್ಟನ್ನೂ ಕೊಡಿ, ಬಿಚ್ಚಿ ಜೋಡಿಸುವುದನ್ನು ಗುರಿ ಹಿಡಿಯುವುದರ ಜೊತೆಗೇ ಕಲಿಸಿ.