ಸಾವಿನ ಕಾರಣವನ್ನು ಬರೆದುಕೊಡುವವರು ಯಾರು?

ಹಿರಿಯರು ತೀರಿಕೊಂಡ ದಿನ ಮನೆಯಲ್ಲಿ ಕಾಗದಪತ್ರದ ಮಾತನ್ನು ಯಾರೂ ಎತ್ತುವದಿಲ್ಲ. ಎತ್ತುವದು ಉಚಿತವೂ ಅಲ್ಲ. ಆದರೆ ಉತ್ತರಕ್ರಿಯೆಗಳು ಮುಗಿದ ತರುವಾಯ ಹೊಲಕ್ಕೆ ವಾರಸಾ ಹಚ್ಚಿಸಲು, ವಿಮೆಯ ಹಣ ಪಡೆಯಲು ಹೊರಟ ಗೃಹಸ್ಥನನ್ನು ಮೊದಲು ಕೇಳುವದು ಮರಣದ ದಾಖಲೆಯನ್ನೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳ್ಳಿಗಳಲ್ಲಿ ಮನೆಯಲ್ಲಿಯೇ ಕಣ್ಣುಮುಚ್ಚುವ ವೃದ್ಧರುಂಟು. ಅವರ ಸಾವಿಗೆ ಕಾರಣವಿಂಥದೆಂದು ಬರೆದುಕೊಡುವ ಹೊಣೆ ಯಾರದು?

ವೈದ್ಯರದು. 1969ರ ಜನನ ಮರಣ ನೋಂದಣಿ ಅಧಿನಿಯಮವು 2023ರಲ್ಲಿ ತಿದ್ದುಪಡಿಯಾದ ಬಳಿಕ ಅದರ 10ನೆಯ ಕಲಮು ಈ ಮಾತನ್ನು ಸ್ಪಷ್ಟಪಡಿಸಿದೆ. ಕೊನೆಯ ಬೇನೆಯಲ್ಲಿ ಉಪಚರಿಸಿದ ವೈದ್ಯನು, ಸಾವು ದವಾಖಾನೆಯ ಹೊರಗಾದರೂ, ಕಾರಣದ ಪ್ರಮಾಣಪತ್ರಕ್ಕೆ ಸಹಿಮಾಡಿ ಕೊಡತಕ್ಕದ್ದು; ಶುಲ್ಕ ಕೇಳತಕ್ಕದ್ದಲ್ಲ; ನೋಂದಣಾಧಿಕಾರಿಗೂ ಒಂದು ಪ್ರತಿ ಕಳುಹತಕ್ಕದ್ದು. ಕೊಡದಿದ್ದರೆ ದಂಡವುಂಟು.

ನಮ್ಮ ನೆರೆಮನೆಯಲ್ಲಿ ಇಂಥ ಪ್ರಸಂಗ ಬಂದಾಗ, ಎರಡು ವರ್ಷ ಔಷಧ ಕೊಟ್ಟ ಡಾಕ್ಟರರೇ "ನಾಳೆ ನಾನೇಕೆ ಕೋರ್ಟಿನ ಬಾಗಿಲು ಕಾಯಲಿ?" ಎಂದು ಹಿಂಜರಿದರು. ಕಾಯಿದೆಯನ್ನು ತೋರಿಸಿದ ಮೇಲೆ ಬರೆದುಕೊಟ್ಟರು. ಬರೆದದ್ದೇನು? "ಹೃದಯ ನಿಂತಿತು" ಎಂದು! ಹೃದಯ ನಿಲ್ಲದೆ ಸತ್ತವರುಂಟೆ? ತರ್ಕಸಂಗ್ರಹವನ್ನು ಹುಡುಗರಿಗೆ ಪಾಠ ಹೇಳಿದ ನಮಗೆ ನಗು ಬಂದಿತು. ದುಃಖದ ಮನೆಯೆಂದು ತಡೆದುಕೊಂಡೆವು. ಹೃದಯ ನಿಲ್ಲುವದು ಸಾವಿನ ಲಕ್ಷಣ, ಕಾರಣವಲ್ಲ. ಕೊನೆಗೆ ಪ್ರಾಣ ತೆಗೆದ ವ್ಯಾಧಿ ಯಾವದು, ಅದನ್ನು ತಂದ ಮೂಲವ್ಯಾಧಿ ಯಾವದು ಎಂದು ಸರಕಾರದ ನಮೂನೆಯು ಸರಪಳಿಯಂತೆ ಕೇಳುತ್ತದೆ. ಪಾರ್ಶ್ವವಾಯುವಿನಿಂದ ಮರಣ, ಅದಕ್ಕೆ ಮೂಲ ಬಹುಕಾಲದ ರಕ್ತದೊತ್ತಡ, ಹೀಗೆ ಬರೆದರೆ ಅರ್ಥವುಂಟು.

ಕ್ಷಯವೋ ಮತ್ತೊಂದೋ ಬಯಲಾದೀತೆಂದು ಮನೆಯವರು ಅಂಜಬೇಕಾಗಿಲ್ಲ. 17ನೆಯ ಕಲಮಿನಂತೆ, ಹೊರಗೆ ಕೊಡುವ ಮರಣಪತ್ರದಲ್ಲಿ ಕಾರಣವನ್ನು ಕಾಣಿಸುವದೇ ಇಲ್ಲ. ಆದರೆ ಹಾವು ಕಚ್ಚಿ, ಬಾವಿಗೆ ಬಿದ್ದು, ಬೆಳೆಯ ಔಷಧ ಹೊಟ್ಟೆಗೆ ಹೋಗಿ ಸತ್ತರೆ ಅದು ಸಹಜ ಮರಣವಲ್ಲ. ಅಲ್ಲಿ ಪೋಲೀಸರಿಗೆ ತಿಳಿಸಬೇಕು. ಪರಿಚಯದ ಬಲದಿಂದ ವೈದ್ಯರ ಸಹಿಗೆ ಒತ್ತಾಯಿಸುವದು ಅನ್ಯಾಯ.

ಮನೆಯಲ್ಲಾದ ಸಾವನ್ನು 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸುವ ಕರ್ತವ್ಯ ಮನೆಯ ಯಜಮಾನನದು. 30 ದಿನಗಳವರೆಗೆ ತಡವಾದರೆ ಶುಲ್ಕದಿಂದ ತೀರುತ್ತದೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕು.

ನಮ್ಮ ಗಡಿಸೀಮೆಗೆ ಇನ್ನೊಂದು ತೊಡಕುಂಟು. ಬೇನೆ ಬಲಿತರೆ ಮಿರಜಿಗೋ ಕೊಲ್ಹಾಪುರಕ್ಕೋ ಒಯ್ಯುವದು ರೂಢಿ. ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿ. ಮಿರಜಿನಲ್ಲಿ ತೀರಿದವರ ಹೆಸರು ಕಾಗವಾಡದ ದಫ್ತರಿನಲ್ಲಿ ಸಿಕ್ಕುವದಿಲ್ಲ. ದಾರಿಯಲ್ಲಿ ಮೋಟಾರಿನಲ್ಲಿಯೇ ಪ್ರಾಣ ಹೋದರೆ, ಗಾಡಿ ಮೊದಲು ನಿಂತ ಊರಿನಲ್ಲಿ ವರದಿ ಕೊಡಬೇಕೆಂದು ನಿಯಮ. ಆದ್ದರಿಂದ ಶವದೊಡನೆ ಊರಿಗೆ ಹೊರಡುವ ಮುನ್ನ ಅಲ್ಲಿಯ ದವಾಖಾನೆಯ ಕಾಗದವನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿರಿ.